ಬಂದ್ ಗಾಡಿ

ನಮ್ಮ ಬೀದರಿನಲ್ಲಿ ‘ಬಂದ್’ ಎಂಬ ಒಂದೇ ಮಾತು ಎರಡು ಕಡೆ ದುಡಿಯುತ್ತದೆ. ಮುಚ್ಚಿದ್ದಕ್ಕೂ ಬಂದ್, ನಿಂತುಹೋದದ್ದಕ್ಕೂ ಬಂದ್. ಬಾಗಿಲೂ ಬಂದ್ ಆಗುತ್ತದೆ, ಗಡಿಯಾರವೂ ಬಂದ್ ಆಗುತ್ತದೆ, ಮುನಿಸಿಕೊಂಡರೆ ಗಂಡ ಹೆಂಡತಿಯ ಮಾತೂ ಬಂದ್ ಆಗುತ್ತದೆ. ಯಾವ ಬಂದ್ ಎಂಬುದನ್ನು ಕೇಳಿದವರೇ ತಿಳಿದುಕೊಳ್ಳಬೇಕು. ಹೀಗಾಗಿ, ಇನ್ನು ಮುಂದೆ ಹೊಸ ಮೋಟರ್‌ಸೈಕಲ್‌ಗಳನ್ನು ಬಂದ್ ಗಾಡಿಯಲ್ಲೇ ಸಾಗಿಸಬೇಕು ಎಂದು ಶೋರೂಮಿನವರು ಹೇಳಿ ಕಳಿಸಿದ ದಿನ ನಾನು ಅದನ್ನು ನನಗೆ ಬೇಕಾದ ಹಾಗೆ ಕೇಳಿಸಿಕೊಂಡೆ. ಅಂತೂ ನಮ್ಮ ಗಾಡಿ ಬಂದ್ ಆಗುತ್ತದೆ ಅಂದುಕೊಂಡೆ. ರೊಟ್ಟಿ ತಟ್ಟುತ್ತಿದ್ದವಳು ಒಲೆಯ ಮುಂದೆ ಒಬ್ಬಳೇ ನಕ್ಕೆ ಕೂಡ.

ನಮ್ಮವರ ಕೆಲಸ ಹೊಸ ಬೈಕು ಸಾಗಿಸುವುದು. ಬೀದರಿನ ದೊಡ್ಡ ಶೋರೂಮಿಗೆ ಬಂದ ಬೈಕುಗಳನ್ನು ಭಾಲ್ಕಿಯ, ಔರಾದಿನ ಸಣ್ಣ ಅಂಗಡಿಗಳಿಗೆ ಮುಟ್ಟಿಸುತ್ತಾರೆ. ಮದುವೆಯಾದಾಗಿನಿಂದ ಇದನ್ನೇ ನೋಡುತ್ತ ಬಂದಿದ್ದೇನೆ. ನಮ್ಮದು ತೆರೆದ ಪಿಕಪ್ ಗಾಡಿ, ಅದರ ತೊಟ್ಟಿ ನನ್ನ ಸೊಂಟಕ್ಕಿಂತ ಎತ್ತರ. ಹಲಗೆ ಹಚ್ಚಿ, ಮುಂದಿನಿಂದ ಒಬ್ಬರು ಹ್ಯಾಂಡಲ್ ಹಿಡಿದು ಎಳೆಯಬೇಕು, ಹಿಂದಿನಿಂದ ಒಬ್ಬರು ಹೆಗಲು ಕೊಟ್ಟು ದೂಡಬೇಕು. ಆ ಹಿಂದಿನ ಹೆಗಲು ಯಾವತ್ತೂ ನಮ್ಮವರದೇ. ಅವರಿಗೆ ಬೆನ್ನು ಹಿಡಿದ ಮೇಲೆ ನಾನೂ ಜೊತೆಗೆ ಹೋಗತೊಡಗಿದೆ. ಹಗ್ಗ ಬಿಗಿಯುವ ಕೆಲಸ ನನ್ನದು. ನಮ್ಮಪ್ಪ ಗಾಂಧಿ ಗಂಜಿನ ಕಾಳಿನ ಮಾರುಕಟ್ಟೆಯಲ್ಲಿ ಹಮಾಲರಾಗಿದ್ದರು; ತೊಗರಿ ಚೀಲಕ್ಕೆ ಹಾಕುವ ಗಂಟನ್ನು ಆಟವಾಡುವ ವಯಸ್ಸಿನಲ್ಲೇ ಅವರಿಂದ ಕಲಿತಿದ್ದೆ. ರಸ್ತೆಯ ಎಂಥ ಗುಂಡಿ, ಕುಣಿಯಲ್ಲಿ ಗಾಡಿ ಕುಣಿದರೂ ಸಡಿಲಾಗದು, ಒಂದು ತುದಿ ಜಗ್ಗಿದರೆ ಬಿಚ್ಚಿಕೊಳ್ಳುತ್ತದೆ. ನಮ್ಮವರು ನನಗೆ ಡ್ರೈವಿಂಗನ್ನೂ ಕಲಿಸಿದರು. ಬರುವಾಗ ಖಾಲಿ ಗಾಡಿ ಓಡಿಸುವವಳು ನಾನು. ರಿವರ್ಸ್ ಮಾತ್ರ ಇವತ್ತಿಗೂ ಬರುವುದಿಲ್ಲ.

ಡಾಕ್ಟರು ಅವರ ಬೆನ್ನಿನ ಸ್ಕ್ಯಾನಿನ ಫಿಲ್ಮನ್ನು ಬೆಳಕಿಗೆ ಹಿಡಿದು ಸ್ಪಷ್ಟವಾಗಿ ಹೇಳಿದ್ದರು: “ನೋಡ್ರಿ, ಇನ್ನ ಭಾರ ಎತ್ತಬ್ಯಾಡ್ರಿ. ಈ ನರ ಇನ್ನೊಮ್ಮೆ ಜೋರ್ ಒತ್ತಿತಂದ್ರ ಕಾಲು ನಿಮ್ಮ ಮಾತು ಕೇಳೂದಿಲ್ಲ.”

“ನಾ ಎಲ್ಲಿ ಎತ್ತತೇನ್ರಿ, ಬರೀ ದೂಡತೇನಿ,” ಎಂದರು ನಮ್ಮವರು.

ಇಂಥ ಮನುಷ್ಯನ ಜೊತೆ ಬಾಳುವೆ ಮಾಡಬೇಕು. ನನಗೆ ಸಾಕುಸಾಕಾಗಿತ್ತು, ಅದನ್ನು ಮುಚ್ಚಿಟ್ಟು ಏನು ಮಾಡಲಿ? ಬೆಳಿಗ್ಗೆ ಅವರ ಬೂಟಿನ ದಾರ ಕಟ್ಟುವವಳು ನಾನು, ಸಂಜೆ ಬೆನ್ನಿಗೆ ಎಣ್ಣೆ ತಿಕ್ಕಿ ಬಿಸಿನೀರಿನ ಚೀಲ ಇಡುವವಳು ನಾನು. ಮನೆಯಲ್ಲಿ ಉಳಿದ ದಿನ ಗಾಡಿಯ ಸಪ್ಪಳ ಕೇಳಿದೊಡನೆ ಹೊಸ್ತಿಲಿಗೆ ಓಡಿ, ತಾವಾಗಿ ಇಳಿಯುತ್ತಾರೋ ಯಾರಾದರೂ ಇಳಿಸಬೇಕೋ ಎಂದು ನೋಡುವವಳೂ ನಾನೇ. ಆ ಹೊಸ್ತಿಲಲ್ಲಿ ನಿಂತು ನಿಂತು ನನ್ನ ಜೀವ ಸವೆದಿದೆ.

ಶೋರೂಮಿನವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಬೀದರಿನಿಂದ ಹೊರಡುವಾಗ ಬೈಕಿನ ಮೇಲೆ ಕೆಂಪು ಧೂಳು, ಔರಾದ್ ಮುಟ್ಟುವಾಗ ಅದರ ಮೇಲೆ ಕರಿಮಣ್ಣು. ಲಾರಿ ಚಿಮ್ಮಿಸಿದ ಒಂದು ಜಲ್ಲಿಕಲ್ಲು ಟ್ಯಾಂಕಿಗೆ ತಾಗಿದರೆ, ಕೊಳ್ಳಲು ಬಂದವನು ಅದರ ಮೇಲೆ ಬೆರಳಾಡಿಸಿ ಮುಖ ಸಿಂಡರಿಸುತ್ತಿದ್ದ. ಬಂದ್ ಗಾಡಿ ಇದ್ದರೆ ಕೆಲಸ, ಇಲ್ಲದಿದ್ದರೆ ಬೇರೆಯವರನ್ನು ನೋಡುತ್ತೇವೆ ಎಂದಿದ್ದರು.

ಅವತ್ತು ರೊಟ್ಟಿ ಬಡಿಸುತ್ತ ಕೇಳಿದೆ: “ಏನ್ ಮಾಡ್ತೀರಿ ಈಗ? ಬಂದ್ ಗಾಡಿ ತರ್ತೀರೋ, ಗಾಡಿ ಬಂದ್ ಮಾಡ್ತೀರೋ?”

“ತರ್ತೇನಿ,” ಎಂದು ಇನ್ನೊಂದು ರೊಟ್ಟಿಗೆ ಕೈ ಚಾಚಿದರು.

ನನ್ನ ನಗೆ ಅಲ್ಲಿಗೇ ಇಂಗಿತು. ಮುಚ್ಚಿದ ಲಾರಿ ಕೊಳ್ಳುವ ತಾಕತ್ತು ನಮಗಿಲ್ಲ, ಅದರ ತಳವೂ ಎತ್ತರ. ಹಾಗಾಗಿ ಪಿಕಪ್ಪಿನ ಹಿಂದೆ ಸಿಕ್ಕಿಸಿಕೊಂಡು ಎಳೆಯುವ ಮುಚ್ಚಿದ ಟ್ರೇಲರ್ ಒಂದನ್ನು ಹುಡುಕುವುದೆಂದು ಅವರೇ ತೀರ್ಮಾನಿಸಿಬಿಟ್ಟರು. ನಾನೂ ಒಳಗೊಳಗೇ ಒಂದು ತೀರ್ಮಾನ ಮಾಡಿಕೊಂಡೆ. ಜೊತೆಗೆ ಹೋಗುವುದು, ಕಂಡ ಕಂಡ ಟ್ರೇಲರಿಗೆಲ್ಲ ಹೆಸರಿಡುವುದು. ಹುಡುಕಿ ಹುಡುಕಿ ಬೇಸತ್ತು, ಒಂದು ದಿನ ಅವರೇ ಕೈಬಿಡಬೇಕು.

ಮೊದಲು ಹೋದದ್ದು ಭಾಲ್ಕಿಗೆ. ಅಲ್ಲಿ ಹಳೆಯ ಗಾಡಿಗಳನ್ನು ಮಾರುವವನೊಬ್ಬನಿದ್ದ. ನಮ್ಮವರು ಅವನೊಡನೆ ಫೋನಿನಲ್ಲಿ ಮಾತಾಡಿದ್ದನ್ನು ನಾನೇ ಕೇಳಿದ್ದೆ.

“ಬಂದ್ ಗಾಡಿ ಅದ ಏನ್ರಿ ನಿಮ್ಮ ಹತ್ರ?”

“ಅದ, ಬರ್ರಿ.”

“ಪೂರಾ ಬಂದ್ ಅದ?”

“ಪೂರಾ ಬಂದ್ ಅದ್ರಿ. ಹ್ವಾದ ಮಳಿಗಾಲದಿಂದ ಬಂದೇ ಅದ.”

ಮಳೆಗಾಲಕ್ಕೆಂದೇ ತಗಡು ಹೊಡೆಸಿ ಮುಚ್ಚಿದ್ದಾನೆ, ಜಾಣ ಮನುಷ್ಯ ಎಂದು ನಮ್ಮವರು ಹೊಗಳಿದ್ದೂ ಆಯಿತು. ಹೋಗಿ ನೋಡಿದರೆ, ಜಾಲಿಗಿಡದ ಕೆಳಗೆ ಮೂರು ಗಾಲಿಯ ಸಾಮಾನಿನ ಗಾಡಿಯೊಂದು ನಿಂತಿದೆ. ಮೇಲೆ ತಗಡಿಲ್ಲ, ಒಳಗೆ ಎಂಜಿನ್ ಇಲ್ಲ, ತೊಟ್ಟಿಯಲ್ಲಿ ಹುಲ್ಲು ಬೆಳೆದಿದೆ.

“ಇದೆಲ್ಲಿ ಬಂದ್ ಅದ್ರಿ?” ಎಂದರು ನಮ್ಮವರು.

“ಇದಕ್ಕಿಂತ ಬಂದ್ ಹ್ಯಾಂಗ್ ಆಗ್ತದ್ರಿ? ನೀವು ಗುಜರಿಯವರು ಅಂದ್ಕೊಂಡಿದ್ದೆ,” ಎಂದ ಅವನು.

ಅಲ್ಲೇ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ತಪ್ಪು ಯಾರದೆಂದು ಅವರಿಬ್ಬರೂ ವಾದಕ್ಕೆ ನಿಂತರು. ಕೊನೆಗೆ ಅವನು ಅಂಗಳದ ಹಿಂದೆ ಕರೆದೊಯ್ದು ನಿಜವಾಗಿಯೂ ಮುಚ್ಚಿದ ಟ್ರೇಲರೊಂದನ್ನು ತೋರಿಸಿದ. ಕೋಳಿಮರಿ ಸಾಗಿಸುತ್ತಿದ್ದದ್ದು. ನಾಲ್ಕು ಗಾಲಿ, ಉದ್ದಕ್ಕೆ ದೊಡ್ಡದಾಗಿ, ನೋಡಲು ಗತ್ತಿನದೇ. ನಮ್ಮವರ ಕಣ್ಣು ಅರಳಿದ್ದು ಕಂಡು ನಾನು ಕೆಲಸ ಶುರು ಮಾಡಿದೆ. ನಾತ ಹೊಡೆಯುತ್ತದೆ, ಹೊಸ ಬೈಕು ಕೊಂಡವನಿಗೆ ಕೋಳಿ ಕೊಂಡಂತಾಗುತ್ತದೆ ಎಂದೆ. ಬಾಗಿಲು ಎರಡೂ ಪಕ್ಕಕ್ಕೆ ತೆರೆಯುತ್ತವೆ, ಮತ್ತೆ ಹಲಗೆ ಹಚ್ಚಬೇಕು ಎಂದೆ. ತಳ ನಮ್ಮ ಪಿಕಪ್ಪಿನಷ್ಟೇ ಎತ್ತರ ಇದೆ, ಮುಚ್ಚಿದ್ದೊಂದು ಬಿಟ್ಟರೆ ಲಾಭವೇನು ಎಂದೆ. ನಮ್ಮವರು ಸುತ್ತ ಒಂದು ಸಲ ತಿರುಗಿ, ಗಾಲಿಯನ್ನು ಕಾಲಿನಿಂದ ತಟ್ಟಿ, ಬಂದು ಗಾಡಿ ಹತ್ತಿದರು. ದಾರಿಯುದ್ದಕ್ಕೂ ಮಾತು ಬಂದ್. ನಾನು ಗೆದ್ದೆ ಅಂದುಕೊಂಡೆ.

ಹೀಗೆ ಇನ್ನೂ ಕೆಲವನ್ನು ನೋಡಿದೆವು, ಎಲ್ಲಕ್ಕೂ ಹೆಸರಿಟ್ಟೆ. ನಡುನಡುವೆ ಪಿಕಪ್ಪಿನ ದೂಡಾಟ ನಡೆದೇ ಇತ್ತು, ಶೋರೂಮಿನವರು ದಸರೆಯ ತನಕ ತಡೆದುಕೊಂಡಿದ್ದರು. ಒಂದೊಂದು ಬೈಕು ಹಲಗೆ ಏರುವಾಗಲೂ ನಾನು ಉಸಿರು ಹಿಡಿದು ನಿಲ್ಲುತ್ತಿದ್ದೆ.

ಕೊನೆಗೆ ಬೀದರಿನ ಹಳೆಯ ಊರಿನೊಳಗೆ ಟ್ರಾಲಿ, ಕಪಾಟು ಬೆಸೆಯುವವರೊಬ್ಬರ ಶೆಡ್ಡಿಗೆ ಹೋದೆವು. ನಮ್ಮವರ ವಯಸ್ಸಿನವರೇ, ಗಡ್ಡಕ್ಕೆ ಮೆಹಂದಿ ಹಚ್ಚಿದವರು. ಅರ್ಧ ಕಟ್ಟಿದ ಟ್ರೇಲರ್ ಡಬ್ಬಿಯೊಂದನ್ನು ತೋರಿಸಿದರು. ನಾನು ಎಂದಿನಂತೆ ಬಾಯಿ ಬಿಟ್ಟೆ.

“ತಳ ಭಾಳ ಮ್ಯಾಲದ್ರಿ.”

“ಎಷ್ಟ್ ಕೆಳಗ ಬೇಕು ಆಪಾ?” ಎಂದು ಅಕ್ಕನನ್ನು ಕೇಳುವ ಹಾಗೆ ಕೇಳಿದರು.

ಸಿಟ್ಟಿನಲ್ಲಿ ನನ್ನ ಮೀನಖಂಡ ತೋರಿಸಿದೆ. ಆಗದ ಮಾತು ಎನ್ನುತ್ತಾರೆ ಅಂದುಕೊಂಡರೆ, ಅವರು ಬಗ್ಗಿ ಅಷ್ಟೇ ಎತ್ತರಕ್ಕೆ ತಗಡಿನ ಮೇಲೆ ಚಾಕ್‌ಪೀಸಿನಿಂದ ಗೆರೆ ಎಳೆದರು. “ಗಾಲಿ ಅಚ್ಚು ಮಡಚಿ ಹಾಕಿದ್ರ ಆಗ್ತದ. ಇನ್ನ?”

ಹಿಂದಿನ ಬಾಗಿಲು ಪಕ್ಕಕ್ಕೆ ತೆರೆದರೆ ಪ್ರಯೋಜನವಿಲ್ಲ ಎಂದೆ. ಕೆಳಕ್ಕೆ ಮಲಗಿಸಿ ಅದನ್ನೇ ಇಳಿಜಾರು ಮಾಡೋಣ ಎಂದರು. ಅಷ್ಟು ಭಾರದ ಬಾಗಿಲನ್ನು ಯಾರು ಎತ್ತುತ್ತಾರೆ ಎಂದೆ. ಸ್ಪ್ರಿಂಗ್ ಹಾಕಿದರೆ ನೀವು ಒಂದೇ ಕೈಯಲ್ಲಿ ಎತ್ತುತ್ತೀರಿ ಎಂದರು. ಪೆಟ್ರೋಲಿನ ಹೊಗೆ ಒಳಗೆ ತುಂಬಿಕೊಂಡು ಒಂದು ದಿನ ಎಲ್ಲ ಸುಟ್ಟುಹೋಗುತ್ತದೆ ಎಂದೆ. ಮೇಲೆ ಕೆಳಗೆ ಗಾಳಿಕಿಂಡಿ ಬಂದವು. ಒಳಗೆ ಬೈಕು ಬಿದ್ದರೆ ಯಾರಿಗೆ ಕಾಣುತ್ತದೆ ಎಂದೆ. ಪಕ್ಕದಲ್ಲಿ ಆಳು ಹೋಗುವಷ್ಟು ಸಣ್ಣ ಬಾಗಿಲು ಬಂತು. ತಗಡಿನ ಮೇಲೆ ಗಾಲಿ ಜಾರುತ್ತದೆ ಎಂದೆ. ರಬ್ಬರಿನ ಹಾಸು ಬಂತು. ನನ್ನ ಹಗ್ಗ ಎಲ್ಲಿ ಕಟ್ಟಲಿ ಎಂದೆ. ನೆಲಕ್ಕೆ ಕಬ್ಬಿಣದ ಬಳೆಗಳು ಬಂದವು. ನಮ್ಮವರು ನಾಲ್ಕು ಗಾಲಿ ಬೇಕೆಂದು ಒಮ್ಮೆ ಗೊಣಗಿದರು. ನಾಲ್ಕು ಬೈಕಿಗೆ ಎರಡು ಗಾಲಿ ಸಾಕು, ಭಾರ ಮುಂದಕ್ಕಿದ್ದರೆ ಟ್ರೇಲರಿನ ಬಾಲ ಆಡುವುದಿಲ್ಲ ಎಂದು ಬೆಸೆಯುವವರು ಹೇಳಿದ್ದಕ್ಕೆ ಅವರೂ ಒಪ್ಪಿಕೊಂಡರು. ನನ್ನ ಬಾಯಿ ಸೋಲುವ ಹೊತ್ತಿಗೆ ಟ್ರೇಲರ್ ಪೂರ್ತಿಯಾಗಿತ್ತು. ಹಾಳುಮಾಡಲು ಹೋದವಳು ನಿಂತು ಕಟ್ಟಿಸಿದ್ದೆ.

“ಆಪಾನಂಗ ಜಗಳಾಡೋರು ಬಂದ್ರ ಗಾಡಿ ಛಲೋ ಆಗ್ತದ್ರಿ,” ಎಂದರು ಆ ಮನುಷ್ಯ. ನಮ್ಮವರು ನನ್ನ ಕಡೆ ನೋಡಿದ ನೋಟವಿದೆಯಲ್ಲ, ಮದುವೆಯ ಹೊಸತರಲ್ಲೂ ಹಾಗೆ ನೋಡಿರಲಿಲ್ಲ. ತಮ್ಮ ಬೆನ್ನಿಗಾಗಿಯೇ ನಾನು ಇಷ್ಟೆಲ್ಲ ಯೋಚಿಸಿದ್ದೇನೆ ಎಂದು ಅವರು ತಿಳಿದಿದ್ದರು. ಬಾಯಿ ಬಿಟ್ಟು ನಿಜ ಹೇಳಲಾಗಲಿಲ್ಲ. ನನ್ನ ಮೇಲೆ ನನಗೇ ಸಿಟ್ಟು ಬಂತು.

ಬಣ್ಣದ ಬಗ್ಗೆ ಮಾತ್ರ ನಾವು ಮೂವರೂ ಯೋಚಿಸಲಿಲ್ಲ. ಈ ಬಿಸಿಲಿಗೆ ಬಿಳಿಯೇ ತಂಪು ಎಂದು ಬೆಸೆಯುವವರು ಹೇಳಿದರು, ನಾವಿಬ್ಬರೂ ಹೂಂ ಎಂದೆವು.

ಮೊದಲ ಸಲ ಔರಾದಿಗೆ ಹೊರಟದ್ದು ದಸರೆಯ ಮುಂಚೆ. ಬುದ್ಧನ ಫೋಟೊ ಮುಂದೆ ಮೇಣದಬತ್ತಿ ಹಚ್ಚಿ ಹೊರಟೆವು. ಬೈಕುಗಳನ್ನು ನಾನೊಬ್ಬಳೇ ದೂಡಿಕೊಂಡು ಒಳಗೆ ನಿಲ್ಲಿಸಿ ಹಗ್ಗ ಬಿಗಿದಿದ್ದೆ. ನಮ್ಮವರು ಪಕ್ಕದಲ್ಲಿ ಸುಮ್ಮನೆ ನಿಂತಿದ್ದರು, ಕೈಯನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದವರ ಹಾಗೆ. ಆಮೇಲೆ ಸ್ಟೇರಿಂಗ್ ಹಿಡಿದದ್ದೇ ಅವರ ಮುಖಕ್ಕೆ ಕಳೆ ಬಂತು. ಜನವಾಡ ದಾಟಿ ಒಂದು ಚಹಾ ಅಂಗಡಿಯ ಮುಂದೆ ಹೋಗುವಾಗ ಬೆಂಚಿನ ಮೇಲಿದ್ದವರೆಲ್ಲ ಎದ್ದು ನಿಂತರು. ಒಬ್ಬ ಮುದುಕ ಟೊಪ್ಪಿಗೆ ತೆಗೆದು ಎದೆಗೆ ಹಿಡಿದುಕೊಂಡ. ನಮ್ಮ ಹೊಸ ಟ್ರೇಲರಿಗೆ ಇಷ್ಟು ಮರ್ಯಾದೆಯೇ ಎಂದು ನಮ್ಮವರು ಹಿಗ್ಗಿ, ಕಿಟಕಿಯಿಂದ ಕೈ ಹೊರಹಾಕಿ ನಗುನಗುತ್ತ ಸಲಾಮು ಮಾಡಿದರು. ಬೆಂಚಿನವರು ಬೆಪ್ಪಾಗಿ ನೋಡಿದರು. ಮುಂದಿನ ಊರಲ್ಲೂ ಹಾಗೆಯೇ. ರಸ್ತೆಯ ಮೇಲೆ ಸೋಯಾ ಹರವಿದ್ದ ಹೆಂಗಸರು ಮೊರ ಕೆಳಗಿಟ್ಟು ಕೈ ಮುಗಿದರು.

ಸಂತಪುರದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಅಂಗಡಿಯ ಹೆಂಗಸು ಕಪ್ಪು ಕೊಡುತ್ತ ನನ್ನ ಕಿವಿಯ ಹತ್ತಿರ ಮೆಲ್ಲಗೆ ಕೇಳಿದಳು: “ಯಾರ್ ತೀರ್ಕೊಂಡಾರ್ರಿ ಅವ್ವಾ? ಹೈದ್ರಾಬಾದ್‌ದಿಂದ ತಂದೀರೇನ್ರಿ?”

ಆಗ ತಿಳಿಯಿತು. ನಮ್ಮ ಕಡೆ ಕೈಮೀರಿದ ರೋಗಿಗಳನ್ನು ಹೈದರಾಬಾದಿಗೆ ಒಯ್ಯುತ್ತಾರೆ. ಅಲ್ಲಿ ಜೀವ ಬಿಟ್ಟವರು ಊರಿಗೆ ಮರಳುವುದು ಬಿಳಿಯ ಬಂದ್ ಗಾಡಿಯಲ್ಲಿ. ಇಷ್ಟು ವರ್ಷ ನಾವೂ ಅಂಥ ಗಾಡಿ ಕಂಡಾಗ ಎದ್ದು ನಿಂತವರೇ. ಆದರೂ ಹೊಳೆದಿರಲಿಲ್ಲ. ಬೈಕು ಅದಾವ್ರಿ ಒಳಗ ಎಂದು ಹೇಳಿ ಅವಳನ್ನು ನಂಬಿಸಲು ಸಣ್ಣ ಬಾಗಿಲು ತೆರೆದು ತೋರಿಸಬೇಕಾಯಿತು. ನಮ್ಮವರು ತಾವು ಸಲಾಮು ಮಾಡಿದ್ದನ್ನು ನೆನೆದು ಚಹಾ ಅರ್ಧಕ್ಕೇ ಬಿಟ್ಟರು. ಔರಾದಿನ ತನಕ ತಲೆ ತಗ್ಗಿಸಿಕೊಂಡೇ ಓಡಿಸಿದರು.

ಔರಾದಿನ ಅಂಗಡಿಯವರು ಹೊರಬಂದು ನೋಡಿ ಹಣೆ ಹಣೆ ಬಡಿದುಕೊಂಡರು. “ಏನ್ರಿ ಇದು, ಹಬ್ಬದ ಗಾಡಿ ಹೆಣದ ಗಾಡ್ಯಾಗ ತಂದೀರಿ? ಗಿರಾಕಿ ನೋಡಿದ್ರ ವಾಪಸ್ ಹೋಗ್ತಾರ.” ಬೇರೆ ಬಣ್ಣ ಹೊಡೆಸುತ್ತೇವೆ ಎಂದು ನಮ್ಮವರು ಮಾತು ಕೊಟ್ಟರು. ಅಷ್ಟರಲ್ಲಿ ನಾನು ಬಾಗಿಲು ಮಲಗಿಸಿ ಬೈಕುಗಳನ್ನು ಒಂದೊಂದಾಗಿ ಇಳಿಸಿಬಿಟ್ಟೆ. ಒಂದು ಗೀರಿಲ್ಲ, ಒಂದು ಚೂರು ಧೂಳಿಲ್ಲ. ಅಂಗಡಿಯವರ ಮುಖ ತಿಳಿಯಾಯಿತು. ಆದರೂ ಮನಸ್ಸಿಗೆ ಸಮಾಧಾನವಿರಲಿ ಎಂದು ಒಂದು ನಿಂಬೆಹಣ್ಣು ತಂದು ನಮ್ಮವರ ಕೈಗೆ ಕೊಟ್ಟು, ಟ್ರೇಲರಿನ ಗಾಲಿ ಕೆಳಗಿಟ್ಟು ತುಳಿಸಿರಿ ಎಂದರು. ನಮ್ಮ ಮನೆಯಲ್ಲಿ ಇದೆಲ್ಲ ನಡೆಯುವುದಿಲ್ಲ, ಆದರೆ ನಮ್ಮವರು ಎದುರಾಡಲಿಲ್ಲ. ಸ್ಟೇರಿಂಗ್ ಬಿಟ್ಟರೆ ಬೆಳಗಿನಿಂದ ಅವರಿಗೆ ಸಿಕ್ಕ ಕೆಲಸ ಅದೊಂದೇ. ಗಾಲಿಯ ಮುಂದೆ ಹಣ್ಣು ಇಟ್ಟರು, ಅದು ಉರುಳಿತು. ಹಿಡಿಯಲೆಂದು ಥಟ್ಟನೆ ಬಗ್ಗಿದರು.

ಬಗ್ಗಿದವರು ಏಳಲಿಲ್ಲ.

ಇಷ್ಟು ವರ್ಷ ಎಷ್ಟೋ ಬೈಕುಗಳಿಗೆ ಹೆಗಲು ಕೊಟ್ಟ ಬೆನ್ನು, ಒಂದು ನಿಂಬೆಹಣ್ಣಿಗೆ ಹೋಯಿತು. ಕೂಗಲೂ ಇಲ್ಲ. ಗಾಲಿಯ ಮೇಲೆ ಒಂದು ಕೈ ಊರಿ, “ಎಡಗಾಲು ಮಾತು ಕೇಳವಲ್ದು,” ಎಂದು ನೆಲವನ್ನೇ ನೋಡುತ್ತ ಹೇಳಿದರು. ನಾನು ಓಡಿಹೋಗಿ ಅವರ ಕಂಕುಳಿಗೆ ಕೈ ಕೊಟ್ಟೆ. ಅಲ್ಲಿಯ ಡಾಕ್ಟರು ಬಂದು ಸೂಜಿ ಚುಚ್ಚಿ, ಮಲಗಿಸಿಕೊಂಡೇ ಬೀದರಿಗೆ ಒಯ್ಯಿರಿ, ಕೂರಿಸಬೇಡಿರಿ ಎಂದರು. ಆಂಬುಲೆನ್ಸ್ ಹೆರಿಗೆಗೆಂದು ಹೋಗಿತ್ತು. ಪಿಕಪ್ಪಿನ ತೊಟ್ಟಿಗೆ ಏರಿಸುವುದು ಯಾರಿಂದಲೂ ಆಗದ ಮಾತು. ಇದ್ದದ್ದು ನನ್ನ ಮೀನಖಂಡದಷ್ಟು ಎತ್ತರದ ತಳ ಒಂದೇ. ನಾನು ಒಂದು ಕಡೆ, ಅಂಗಡಿಯವರು ಒಂದು ಕಡೆ ಹಿಡಿದು ಇಳಿಜಾರಿನ ಮೇಲೆ ಮೆಲ್ಲಗೆ ಸರಿಸಿಕೊಂಡು ಹೋಗಿ ರಬ್ಬರ್ ಹಾಸಿನ ಮೇಲೆ ಮಲಗಿಸಿದೆವು. ಎರಡು ಕೈಯಲ್ಲಿ ಎರಡು ಕಬ್ಬಿಣದ ಬಳೆ ಹಿಡಿದುಕೊಂಡರು.

“ಫೋನ್ ಚಾಲೂ ಇಡ್ರಿ. ನಾ ರೀ ಅಂದ್ರ ನೀವು ಹೂಂ ಅನಬೇಕು,” ಎಂದೆ.

“ಬಾಗಲ ಬಂದ್ ಮಾಡು, ಧೂಳ್ ಬರ್ತದ,” ಎಂದರು.

ನಾನು ಓಡಿಸಿದೆ. ಫೋನು ನನ್ನ ಮಡಿಲಲ್ಲಿತ್ತು. “ರೀ,” ಎಂದರೆ “ಹೂಂ” ಎಂದು ಬರುತ್ತಿತ್ತು. ಕುಣಿ ಬಂದಾಗ ಹೂಂ ಬದಲು ನರಳಿಕೆ ಬರುತ್ತಿತ್ತು. ಬೆಳಿಗ್ಗೆ ಬಂದ ದಾರಿಯೇ. ಹೊಲದಿಂದ ಮರಳುತ್ತಿದ್ದವರು ದಾರಿಯ ಪಕ್ಕಕ್ಕೆ ಸರಿದು ಕೈ ಮುಗಿದರು. ಎದುರಿನ ಟ್ರ್ಯಾಕ್ಟರಿನವನು ಹಾಡು ನಿಲ್ಲಿಸಿ ಗಾಡಿಯನ್ನು ರಸ್ತೆಯಿಂದ ಕೆಳಗಿಳಿಸಿದ. ಬೆಳಿಗ್ಗೆ ಇದನ್ನೇ ಮರ್ಯಾದೆ ಅಂದುಕೊಂಡಿದ್ದೆವಲ್ಲ, ಈಗ ಒಬ್ಬೊಬ್ಬರು ಎದ್ದು ನಿಂತಾಗಲೂ ಎದೆಗೆ ಗುದ್ದಿದಂತಾಗುತ್ತಿತ್ತು. ಕೈ ಮುಗೀಬ್ಯಾಡ್ರಿ, ಜೀವಂತ ಅದಾರ ಎಂದು ಒದರಬೇಕೆನಿಸಿತು. ದಣಿವು ಎಂದರೆ ಏನು ಎಂದು ಯಾರಾದರೂ ಕೇಳಿದರೆ ಆ ದಾರಿಯನ್ನು ತೋರಿಸುತ್ತೇನೆ. ಗಂಡ ಒಳಗೆ ಉಸಿರಾಡುತ್ತಿರುವಾಗಲೇ ಊರೂರಿನವರು ಅವನಿಗೆ ಕೊನೆಯ ನಮಸ್ಕಾರ ಮಾಡುವುದನ್ನು ನೋಡುತ್ತ ನಾನು ಗೇರು ಬದಲಿಸಬೇಕಿತ್ತು.

ಸಂತಪುರ ದಾಟಿ ಸ್ವಲ್ಪ ದೂರ ಬಂದಿರಬೇಕು. “ರೀ,” ಎಂದೆ. ಉತ್ತರವಿಲ್ಲ. ಇನ್ನೊಮ್ಮೆ ಕರೆದೆ. ಲೈನು ಇತ್ತು, ಗಾಲಿಯ ಸಪ್ಪಳ ಕೇಳುತ್ತಿತ್ತು, ಹೂಂ ಮಾತ್ರ ಇರಲಿಲ್ಲ. ಹರವಿದ್ದ ಸೋಯಾದ ಮೇಲೆಯೇ ಗಾಡಿ ನಿಲ್ಲಿಸಿ, ಚಪ್ಪಲಿ ಬಿಟ್ಟು ಓಡಿ ಸಣ್ಣ ಬಾಗಿಲನ್ನು ಎಳೆದೆ. ಅದರ ಸದ್ದಿಗೂ ಅವರು ಕದಲಲಿಲ್ಲ. ಒಳಗೆ ಹತ್ತಿ ಮೂಗಿನ ಹತ್ತಿರ ಕೈ ಹಿಡಿದೆ. ಬಿಸಿ ಉಸಿರು. ಬಾಯಿ ಅರೆತೆರೆದು, ಬಳೆ ಹಿಡಿದ ಕೈ ಸಡಿಲಬಿಟ್ಟು, ನಮ್ಮವರು ಗೊರಕೆ ಹೊಡೆಯುತ್ತಿದ್ದರು.

ನಾನು ಅಲ್ಲೇ ಕುಸಿದು ಕುಳಿತು ಅತ್ತೆ. ನನ್ನ ಅಳುವಿಗೆ ಅವರಿಗೆ ಎಚ್ಚರವಾಯಿತು.

“ಯಾಕ ನಿಂದರಿಸಿದಿ?” ಎಂದರು. ಕಣ್ಣು ತಿಕ್ಕಿಕೊಂಡು, “ಛಲೋ ಗಾಡಿ ಆರಿಸಿದಿ ನೋಡು. ಇಂಥಾ ನಿದ್ದಿ ಹತ್ತಿ ಎಷ್ಟ್ ದಿನ ಆಗಿತ್ತೋ. ಕಾಲಾಗ ಸ್ವಲ್ಪ ಜುಮು ಜುಮು ಬರ್ಲತ್ತದ,” ಎಂದರು.

ಹೊರಗೆ ಸೋಯಾದವರು ಕೈ ಮುಗಿದು ದೂರ ನಿಂತಿದ್ದರು. ನಾನು ಕಣ್ಣೊರೆಸಿಕೊಂಡೆ.

“ಇನ್ನ ಬಂದ್ ಮಾಡ್ರಿ,” ಎಂದೆ.

ಮಲಗಿದಲ್ಲಿಂದಲೇ ಅವರು ಸಣ್ಣ ಬಾಗಿಲಿನ ಕಡೆ ಕೈ ಚಾಚಿದರು.

“ಬಾಗಲಲ್ರಿ,” ಎಂದೆ.

ಚಾಚಿದ ಕೈ ಅಲ್ಲೇ ನಿಂತಿತು. ಕಣ್ಣೆತ್ತಿ ಮೇಲಿನ ಗಾಳಿಕಿಂಡಿಯನ್ನು ನೋಡಿದರು. ಆಮೇಲೆ ಕೈಯನ್ನು ಎದೆಯ ಮೇಲಿಟ್ಟುಕೊಂಡು, “ಹೂಂ,” ಎಂದರು. ನನ್ನ ಕೈಯಲ್ಲಿ ಇನ್ನೂ ಚಾಲೂ ಇದ್ದ ಫೋನಿನಿಂದ ಅದೇ ಹೂಂ ಒಂದು ಗಳಿಗೆ ತಡವಾಗಿ ಮತ್ತೊಮ್ಮೆ ಕೇಳಿಸಿತು.